ಪದ ಪರಿಚಯ: ತುರ್ತು ಯೋಜನೆ ಮತ್ತು ಸ್ಪಂದನ ತಂಡ

ಹೆಸರು ಸ್ವಲ್ಪ ಉದ್ದ. 'ನಗರಾಡಳಿತದ ತುರ್ತು ಯೋಜನೆ ಮತ್ತು ಸ್ಪಂದನ ತಂಡ'. ಕಚೇರಿಯ ಕಾಗದದಲ್ಲಿ ಕಂಡರೆ ಕಣ್ಣು ಹಾಗೇ ಜಾರಿ ಮುಂದಿನ ಸಾಲಿಗೆ ಹೋಗಿಬಿಡುತ್ತದೆ. ಆದರೆ ಈ ಹೆಸರಿನ ಒಂದೊಂದು ಪದಕ್ಕೂ ಒಂದೊಂದು ಕೆಲಸ ಇದೆ. ನಡುವೆ ಕೂತಿರುವ 'ಮತ್ತು' ಅನ್ನುವ ಪುಟ್ಟ ಪದಕ್ಕಂತೂ ಎಲ್ಲಕ್ಕಿಂತ ಜಾಸ್ತಿ ಕೆಲಸ.

ಸರಳವಾಗಿ ಹೇಳುತ್ತೇನೆ. ನೆರೆ, ಭೂಕಂಪ, ಬಿರುಗಾಳಿ, ದೊಡ್ಡ ಬೆಂಕಿ, ಅನಿಲ ಸೋರಿಕೆ, ಬಿಸಿಗಾಳಿ, ಸಾಂಕ್ರಾಮಿಕ ರೋಗ. ಇಂಥದ್ದು ಬಂದರೆ ಊರಿನಲ್ಲಿ ಯಾರು ಏನು ಮಾಡಬೇಕು ಅಂತ ಮುಂಚೆಯೇ ಕೂತು ಮಾತಾಡಿಕೊಳ್ಳುವ, ಬಂದ ದಿನ ಅದನ್ನು ನಿಂತು ಮಾಡಿಸುವ ಗುಂಪು ಇದು. ನಗರಾಡಳಿತ, ಅಗ್ನಿಶಾಮಕ ದಳ, ಪೊಲೀಸರು, ಆಸ್ಪತ್ರೆ, ಆಂಬುಲೆನ್ಸ್, ನೀರು ಮತ್ತು ವಿದ್ಯುತ್ ವಿಭಾಗ, ಸಾರಿಗೆ, ಶಾಲೆಗಳು, ಸ್ವಯಂಸೇವಕರು, ಎಲ್ಲರ ಕಡೆಯವರೂ ಇದರಲ್ಲಿ ಇರುತ್ತಾರೆ.

'ತುರ್ತು' ಅನ್ನುವುದನ್ನು ನಾವು ದಿನಾ ಬಳಸುತ್ತೇವೆ. ಇಲ್ಲಿ ಅದರ ಅರ್ಥ ಸ್ವಲ್ಪ ಬೇರೆ. ಒಂದು ಮನೆಗೆ ಬೆಂಕಿ ಬಿದ್ದರೆ ಆ ಮನೆಯವರಿಗೆ ಅದಕ್ಕಿಂತ ದೊಡ್ಡ ತುರ್ತು ಇಲ್ಲ. ಊರಿನ ಲೆಕ್ಕದಲ್ಲಿ ಮಾತ್ರ ಅದು ಅಗ್ನಿಶಾಮಕ ದಳದ ದಿನನಿತ್ಯದ ಕೆಲಸ. ಅದೇ ಬೆಂಕಿ ರಾಸಾಯನಿಕ ತುಂಬಿದ ಗೋದಾಮಿಗೆ ಬಿದ್ದರೆ? ಬೆಂಕಿ ಆರಿಸುವವರು ಒಬ್ಬರು. ಸುತ್ತಲಿನ ಮನೆ ಖಾಲಿ ಮಾಡಿಸುವವರು ಇನ್ನೊಬ್ಬರು. ಹೊಗೆ ಕುಡಿದವರಿಗೆ ಚಿಕಿತ್ಸೆ ಕೊಡುವವರು ಮತ್ತೊಬ್ಬರು. ಬೆಂಕಿಗೆ ಸುರಿದ ನೀರು ರಾಸಾಯನಿಕದ ಜೊತೆ ಚರಂಡಿಗೆ ಇಳಿದು ನದಿ ಸೇರದಂತೆ ತಡೆಯಬೇಕಾದವರು ಬೇರೆಯೇ ಇಲಾಖೆ. ಪೊಲೀಸರು ಯಾವ ರಸ್ತೆ ಮುಚ್ಚುತ್ತಾರೋ ಅದೇ ರಸ್ತೆ ಆಂಬುಲೆನ್ಸಿಗೆ ಬೇಕಾಗಿರಬಹುದು. ಯಾರೂ ಒಬ್ಬರೇ ನಿಭಾಯಿಸಲಾರದ, ಒಬ್ಬರ ತೀರ್ಮಾನ ಇನ್ನೊಬ್ಬರ ಕೈ ಕಟ್ಟಿಬಿಡಬಹುದಾದ ಹೊತ್ತು. ಅದೇ ಇಲ್ಲಿ ತುರ್ತು.

'ಯೋಜನೆ' ಪದದ ಬೇರು ನನಗೆ ತುಂಬಾ ಇಷ್ಟ. ಸಂಸ್ಕೃತದ 'ಯುಜ್' ಧಾತುವಿನಿಂದ ಬಂದದ್ದು. ಅದರ ಅರ್ಥ ಕೂಡಿಸು, ನೊಗಕ್ಕೆ ಹೂಡು. ನಾವೀಗ ಯೋಜನೆ ಅಂದ ಕೂಡಲೇ ದಪ್ಪ ಫೈಲು ನೆನಪಿಗೆ ಬರುತ್ತದೆ. ಆದರೆ ಈ ತಂಡದ ಮಟ್ಟಿಗೆ ಹಳೆಯ ಅರ್ಥವೇ ಸರಿ ಹೊಂದುತ್ತದೆ. ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ನಿಂತ ಇಲಾಖೆಗಳನ್ನು ಒಂದೇ ನೊಗಕ್ಕೆ ಹೂಡುವುದೇ ಅದರ ಕೆಲಸ. 'ಸ್ಪಂದನ' ಅಂದರೆ ಮಿಡಿತ. ಹೊರಗಿನದು ತಾಗಿದ ತಕ್ಷಣ ಒಳಗಿನದು ಅಲುಗುವುದು.

ಇನ್ನು 'ಮತ್ತು'. ಎಷ್ಟೋ ಕಡೆ ಯೋಜನೆ ಬರೆಯುವವರೇ ಬೇರೆ, ಬೀದಿಗಿಳಿದು ಕೆಲಸ ಮಾಡುವವರೇ ಬೇರೆ. ಯಾರೋ ಹೊರಗಿನವರು ಬಂದು ಚೆಂದದ ಪುಸ್ತಕ ಬರೆದುಕೊಟ್ಟು ಹೋಗುತ್ತಾರೆ. ಪುಸ್ತಕ ಬೀರು ಸೇರುತ್ತದೆ. ನೀರು ನುಗ್ಗಿದ ರಾತ್ರಿ ಡ್ಯೂಟಿಯಲ್ಲಿರುವವರಿಗೆ ಅಂಥ ಪುಸ್ತಕ ಇದೆ ಅಂತಲೇ ಗೊತ್ತಿರುವುದಿಲ್ಲ. ಯೋಜನೆಯನ್ನೂ ಸ್ಪಂದನವನ್ನೂ ಒಂದೇ ತಂಡದ ಹೆಸರಿನಲ್ಲಿ ಕಟ್ಟಿರುವುದು ಇದಕ್ಕೇ. ಕೂತು ಬರೆದವರೇ ನಿಂತು ಮಾಡಬೇಕು. ಆಗ ಬರೆಯುವಾಗಲೇ ಕೈ ನಡುಗುತ್ತದೆ. 'ಎರಡು ಗಂಟೆಯಲ್ಲಿ ತೆರವು ಮಾಡಲಾಗುವುದು' ಅಂತ ಸುಮ್ನೆ ಬರೆದುಬಿಡಲು ಆಗುವುದಿಲ್ಲ. ಬಸ್ಸು ಯಾರು ಕೊಡುತ್ತಾರೆ, ಚಾಲಕರು ಆ ಹೊತ್ತಿಗೆ ಎಲ್ಲಿರುತ್ತಾರೆ, ಡೀಸೆಲ್ ಎಲ್ಲಿಂದ ಅಂತ ಕೇಳಲೇಬೇಕಾಗುತ್ತದೆ.

ಈ ಕಲ್ಪನೆ ಕಷ್ಟದಿಂದ ಕಲಿತದ್ದು. 1970ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸುಮಾರು ಎರಡು ವಾರ ಕಾಡ್ಗಿಚ್ಚು ಹಬ್ಬಿತ್ತು. 16 ಜನ ಸತ್ತರು, 700ಕ್ಕೂ ಹೆಚ್ಚು ಮನೆ, ಕಟ್ಟಡಗಳು ಸುಟ್ಟುಹೋದವು. ಬೆಂಕಿ ಆರಿಸಲು ಬಂದ ದಳಗಳಿಗೆ ಧೈರ್ಯ ಕಡಿಮೆ ಇರಲಿಲ್ಲ. ಒಂದು ದಳದ ರೇಡಿಯೊ ಇನ್ನೊಂದು ದಳಕ್ಕೆ ಕೇಳುತ್ತಿರಲಿಲ್ಲ. ಒಂದೇ ವಸ್ತುವಿಗೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದರು. ಯಾರ ಮಾತನ್ನು ಯಾರು ಕೇಳಬೇಕು ಅನ್ನುವುದೂ ಗೊತ್ತಿರಲಿಲ್ಲ. ಆ ಸೋಲಿನಿಂದ ಹುಟ್ಟಿದ್ದೇ 'ಇನ್ಸಿಡೆಂಟ್ ಕಮಾಂಡ್ ಸಿಸ್ಟಮ್'. ಇವತ್ತು ಹಲವು ದೇಶಗಳು ಇದನ್ನೋ ಇದರ ತಮ್ಮದೇ ರೂಪವನ್ನೋ ಬಳಸುತ್ತಿವೆ.

ಅದರ ತಿರುಳು ಸರಳ. ಕೆಲಸವನ್ನು ಐದು ಭಾಗ ಮಾಡುತ್ತಾರೆ: ಒಟ್ಟು ಮುಂದಾಳತ್ವ, ಸ್ಥಳದಲ್ಲಿ ನಡೆಯುವ ಕೆಲಸ, ಮುಂದಿನ ಕೆಲವು ಗಂಟೆಗಳ ಯೋಜನೆ, ಸಾಮಾನು ಸರಂಜಾಮು ಒದಗಿಸುವುದು, ಹಣಕಾಸು ಮತ್ತು ದಾಖಲೆ. ಒಬ್ಬರ ಕೈಕೆಳಗೆ ನೇರವಾಗಿ 3ರಿಂದ 7 ಜನ ಇರಬೇಕು, 5 ಇದ್ದರೆ ಒಳ್ಳೆಯದು. ಪ್ರತಿಯೊಬ್ಬರೂ ಒಬ್ಬರಿಗೆ ಮಾತ್ರ ವರದಿ ಕೊಡಬೇಕು. ರೇಡಿಯೊದಲ್ಲಿ ಗುಪ್ತ ಸಂಖ್ಯೆ, ಇಲಾಖೆಯ ಒಳಮಾತು ಬೇಡ, ಎಲ್ಲರಿಗೂ ತಿಳಿಯುವ ಭಾಷೆ ಸಾಕು. ಚಿಕ್ಕ ಘಟನೆಯಾದರೆ ಐದೂ ಕೆಲಸ ಒಬ್ಬರೇ ನೋಡಿಕೊಳ್ಳಬಹುದು, ದೊಡ್ಡದಾದರೆ ಹಂಚಿಕೊಳ್ಳಬಹುದು.

ಮುಂಚೆಯೇ ಕೂತು ಯೋಜಿಸುವ ಈ ಕಲ್ಪನೆ ಊರಿನ ಮಟ್ಟಕ್ಕೆ ಇಳಿದದ್ದಕ್ಕೆ ಇನ್ನೊಂದು ದೊಡ್ಡ ಕಾರಣ ಭೋಪಾಲ್. 1984ರ ಡಿಸೆಂಬರ್‌ನ ಆ ರಾತ್ರಿ ಕಾರ್ಖಾನೆಯಿಂದ ಸೋರಿದ ಅನಿಲ ಏನು, ಅದಕ್ಕೆ ಚಿಕಿತ್ಸೆ ಏನು, ಯಾವ ಕಡೆಗೆ ಓಡಬೇಕು ಅನ್ನುವುದು ಪಕ್ಕದಲ್ಲೇ ಮಲಗಿದ್ದ ಜನರಿಗೆ ಗೊತ್ತಿರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದಾದ ಮೇಲೆ 1986ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಅದರ ಪ್ರಕಾರ ಅಲ್ಲಿ ಸ್ಥಳೀಯ ತುರ್ತು ಯೋಜನಾ ಸಮಿತಿಗಳು ಹುಟ್ಟಿಕೊಂಡವು. ಕಾರ್ಖಾನೆಗಳು ತಮ್ಮಲ್ಲಿ ಯಾವ ಅಪಾಯಕಾರಿ ರಾಸಾಯನಿಕ ಇದೆ ಅಂತ ಆ ಸಮಿತಿಗೆ ತಿಳಿಸಲೇಬೇಕು. 1988ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 'ಅಪೆಲ್' ಎಂಬ ಹೆಸರಿನಲ್ಲಿ ಸ್ಥಳೀಯ ಮಟ್ಟದ ಅರಿವು ಮತ್ತು ಸಿದ್ಧತೆಯ ಕಾರ್ಯಕ್ರಮ ಶುರು ಮಾಡಿತು. 2015ರಲ್ಲಿ ಜಪಾನಿನ ಸೆಂಡೈ ನಗರದಲ್ಲಿ ದೇಶಗಳೆಲ್ಲ ಒಪ್ಪಿಕೊಂಡ ಚೌಕಟ್ಟು ಕೂಡ, ದೇಶದ ಮಟ್ಟದಲ್ಲಿ ಮಾತ್ರ ಅಲ್ಲ, ಸ್ಥಳೀಯ ಮಟ್ಟದಲ್ಲೂ ಅಪಾಯ ತಗ್ಗಿಸುವ ಯೋಜನೆ ಬೇಕು ಅನ್ನುತ್ತದೆ.

ಹಾಗಾದರೆ ತಂಡ ಕಟ್ಟುವುದು ಹೇಗೆ? ಮೊದಲು ಒಂದು ಲಿಖಿತ ಆದೇಶ ಬೇಕು. ನಗರಾಡಳಿತದ ನಿರ್ಣಯವೋ, ಕಾನೂನಿನ ಬಲವೋ ಇಲ್ಲದಿದ್ದರೆ ಸಭೆಗೆ ಬರುವವರು ಬರುತ್ತಾರೆ, ಬಾರದವರನ್ನು ಯಾಕೆ ಬರಲಿಲ್ಲ ಅಂತ ಕೇಳುವವರು ಇರುವುದಿಲ್ಲ. ಆದೇಶದಲ್ಲಿ ಮುಖ್ಯವಾಗಿ ಇರಬೇಕಾದದ್ದು ಹುದ್ದೆಯ ಹೆಸರು, ವ್ಯಕ್ತಿಯ ಹೆಸರಲ್ಲ. ಜನ ವರ್ಗವಾಗಿ ಹೋಗುತ್ತಾರೆ, ನಿವೃತ್ತರಾಗುತ್ತಾರೆ. ಪ್ರತಿ ಹುದ್ದೆಗೂ ಎರಡನೆಯವರು, ಮೂರನೆಯವರು ಯಾರು ಅಂತಲೂ ಬರೆದಿರಬೇಕು. ಮುಖ್ಯಸ್ಥರು ರಜೆಯಲ್ಲಿರುವಾಗಲೇ ನೆರೆ ಬರಬಹುದು, ಅಲ್ವಾ?

ಆಮೇಲೆ ಊರಿಗೆ ಏನೇನು ಬರಬಹುದು ಅಂತ ಪಟ್ಟಿ ಮಾಡಬೇಕು. ಎಷ್ಟು ಸಲ ಬರಬಹುದು, ಬಂದರೆ ಎಷ್ಟು ಪೆಟ್ಟು ಕೊಡಬಹುದು ಅಂತ ಎರಡನ್ನೂ ಅಳೆಯಬೇಕು. ಇಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ. ಕಣ್ಣಿಗೆ ಕಾಣುವ ಅಪಾಯದ ಬಗ್ಗೆಯೇ ಜಾಸ್ತಿ ಹೊತ್ತು ಮಾತಾಡುತ್ತಾರೆ. 1995ರ ಜುಲೈನಲ್ಲಿ ಶಿಕಾಗೊ ನಗರದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಕಟ್ಟಡ ಬೀಳಲಿಲ್ಲ, ಹೊಗೆ ಏಳಲಿಲ್ಲ. ಸತ್ತವರಲ್ಲಿ ಬಹಳ ಮಂದಿ ಒಂಟಿಯಾಗಿದ್ದ ವಯಸ್ಸಾದವರು. ಹಾಗಾಗಿ 'ಏನು ಬರಬಹುದು' ಅನ್ನುವ ಪಟ್ಟಿಯ ಪಕ್ಕದಲ್ಲೇ 'ಬಂದರೆ ಯಾರಿಗೆ ಮೊದಲು ತಟ್ಟುತ್ತದೆ' ಅನ್ನುವ ಪಟ್ಟಿಯೂ ಬೇಕು. ನಡೆಯಲಾಗದವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಮನೆಯಲ್ಲಿ ಆಮ್ಲಜನಕದ ಯಂತ್ರ ಇಟ್ಟುಕೊಂಡವರು, ಸ್ವಂತ ವಾಹನ ಇಲ್ಲದವರು, ಊರಿನ ಭಾಷೆ ಬಾರದವರು. ಈ ಎರಡನೇ ಪಟ್ಟಿ ಮಾಡದ ತಂಡ ತನ್ನ ಅರ್ಧ ಕೆಲಸವನ್ನೂ ಮಾಡಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ತಂಡ ಸೇರಿ ಕೆಲಸ ಮಾಡಲು ಒಂದು ಜಾಗ ಬೇಕು. ಕಂಟ್ರೋಲ್ ರೂಮ್ ಅಂತ ನಾವೆಲ್ಲ ಹೇಳುವುದು ಅದನ್ನೇ. ಜನರೇಟರ್, ಫೋನು, ರೇಡಿಯೊ, ನಕ್ಷೆ ಎಲ್ಲ ಅಲ್ಲಿರಬೇಕು. ನಕ್ಷೆ ಕಾಗದದ್ದೂ ಇರಲಿ, ಕರೆಂಟು ಹೋದರೂ ಓದಬಹುದು. ಆದರೆ ಆ ಜಾಗವೇ ಹೋದರೆ?

ಇದಕ್ಕೆ ನ್ಯೂಯಾರ್ಕ್ ನಗರದ ಕಥೆ ಹೇಳಲೇಬೇಕು. ಅಲ್ಲಿನ ತುರ್ತು ಕಾರ್ಯಾಚರಣೆ ಕೇಂದ್ರ ವರ್ಲ್ಡ್ ಟ್ರೇಡ್ ಸೆಂಟರಿನ ಏಳನೇ ಸಂಖ್ಯೆಯ ಕಟ್ಟಡದಲ್ಲಿತ್ತು. 2001ರ ಸೆಪ್ಟೆಂಬರ್ 11ರ ಬೆಳಗ್ಗೆ ಪಕ್ಕದ ಅವಳಿ ಗೋಪುರಗಳ ಮೇಲೆ ವಿಮಾನ ದಾಳಿ ನಡೆದಾಗ ಅದನ್ನು ಖಾಲಿ ಮಾಡಬೇಕಾಯಿತು. ಸಂಜೆಯ ಹೊತ್ತಿಗೆ ಕಟ್ಟಡವೇ ಕುಸಿಯಿತು. ನಗರದ ಇತಿಹಾಸದಲ್ಲೇ ಅತಿ ಕೆಟ್ಟ ದಿನ, ಆ ದಿನಕ್ಕಾಗಿಯೇ ಕಟ್ಟಿದ್ದ ಕೇಂದ್ರ ಇಲ್ಲ. ಆದರೆ ಮರುದಿನ ಒಂದು ಅಣಕು ಕಾರ್ಯಾಚರಣೆ ಗೊತ್ತಾಗಿತ್ತು. ಅದಕ್ಕಾಗಿ ಹಡ್ಸನ್ ನದಿಯ ದಡದ 92ನೇ ಹಡಗುಕಟ್ಟೆಯಲ್ಲಿ ತಯಾರಿ ನಡೆದಿತ್ತು. ಕೆಲವೇ ದಿನಗಳಲ್ಲಿ ಅದೇ ಕಟ್ಟೆಯಲ್ಲಿ ಹೊಸ ಕೇಂದ್ರ ಎದ್ದು ನಿಂತಿತು. ಗೋಡೆ, ಯಂತ್ರ ಹೋದರೂ ಒಟ್ಟಿಗೆ ಅಭ್ಯಾಸ ಮಾಡಿದ್ದ ಜನ ಉಳಿದಿದ್ದರು. ತಂಡ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಹಡಗುಕಟ್ಟೆಯನ್ನೇ ತೋರಿಸುತ್ತೇನೆ. ಎರಡನೇ ಜಾಗ ಯಾವುದು ಅಂತ ಮೊದಲೇ ಗೊತ್ತು ಮಾಡಿ, ವರ್ಷಕ್ಕೊಮ್ಮೆಯಾದರೂ ಅಲ್ಲಿ ಹೋಗಿ ಕೂತು ನೋಡಬೇಕು.

ಜನರಿಗೆ ಸುದ್ದಿ ಮುಟ್ಟಿಸುವುದು ಇನ್ನೊಂದು ದೊಡ್ಡ ಕೆಲಸ. ಯಾರು ಮಾತಾಡಬೇಕು, ಯಾವ ಮಾತಿನಲ್ಲಿ, ಯಾವ ಯಾವ ದಾರಿಯಲ್ಲಿ ಅಂತ ಮೊದಲೇ ಬರೆದಿಡಬೇಕು. 2018ರ ಜನವರಿ 13ರ ಬೆಳಗ್ಗೆ ಹವಾಯಿಯ ಜನರ ಫೋನುಗಳಿಗೆ ಕ್ಷಿಪಣಿ ಬರುತ್ತಿದೆ ಅನ್ನುವ ಎಚ್ಚರಿಕೆ ಬಂತು. ಅದು ತಪ್ಪು ಸುದ್ದಿ. 'ಇದು ಸುಳ್ಳು, ಗಾಬರಿ ಬೇಡ' ಅನ್ನುವ ಎರಡನೇ ಸಂದೇಶ ಅದೇ ಫೋನುಗಳಿಗೆ ಬರಲು 38 ನಿಮಿಷ ಬೇಕಾಯಿತು. ಎಚ್ಚರಿಕೆಯ ಸಂದೇಶ ಸಿದ್ಧವಾಗಿತ್ತು, ಅದನ್ನು ಹಿಂತೆಗೆದುಕೊಳ್ಳುವ ಸಂದೇಶ ಸಿದ್ಧವಾಗಿರಲಿಲ್ಲ. ಆ 38 ನಿಮಿಷ ಮಕ್ಕಳನ್ನು ಅಪ್ಪಿಕೊಂಡು ಕೂತವರ ಬಗ್ಗೆ ಯೋಚಿಸಿ. ಒಳ್ಳೆಯ ಎಚ್ಚರಿಕೆ ಮೂರು ಮಾತು ಹೇಳುತ್ತದೆ: ಏನಾಗುತ್ತಿದೆ, ಎಲ್ಲಿ, ನೀವೀಗ ಏನು ಮಾಡಬೇಕು. ಮೂರನೆಯದು ಇಲ್ಲದಿದ್ದರೆ ಅದು ಬರೀ ಹೆದರಿಕೆ.

ಸ್ವಯಂಸೇವಕರ ವಿಷಯದಲ್ಲಿ ಎರಡು ಭೂಕಂಪಗಳು ಎರಡು ಪಾಠ ಕಲಿಸಿವೆ. 1995ರ ಜನವರಿ 17ರಂದು ಜಪಾನಿನ ಕೋಬೆಯಲ್ಲಿ ಭೂಮಿ ನಡುಗಿದಾಗ, ಅವಶೇಷಗಳ ಅಡಿಯಿಂದ ಬದುಕಿ ಬಂದವರಲ್ಲಿ ಹೆಚ್ಚಿನವರನ್ನು ಎತ್ತಿದ್ದು ಮನೆಯವರು ಮತ್ತು ಅಕ್ಕಪಕ್ಕದವರು. ಎಷ್ಟೇ ದೊಡ್ಡ ದಳ ಇದ್ದರೂ ಮೊದಲ ಗಂಟೆಗಳಲ್ಲಿ ಕೈಗೆ ಸಿಗುವವರು ನೆರೆಹೊರೆಯವರೇ. ಅದಕ್ಕೂ ಹತ್ತು ವರ್ಷ ಮುಂಚೆ, 1985ರ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೊ ಸಿಟಿಯಲ್ಲೂ ಸಾಮಾನ್ಯ ಜನ ನುಗ್ಗಿ ನೂರಾರು ಜೀವ ಉಳಿಸಿದರು. ಆದರೆ ತರಬೇತಿ ಇಲ್ಲದ ಆ ಜನರಲ್ಲಿ ನೂರಕ್ಕೂ ಹೆಚ್ಚು ಮಂದಿ ತಾವೇ ಸತ್ತರು. ಅದನ್ನು ಕಂಡ ಲಾಸ್ ಏಂಜಲೀಸ್ ಅಗ್ನಿಶಾಮಕ ಇಲಾಖೆ ಅದೇ ವರ್ಷ ಬಡಾವಣೆಯ ಜನರಿಗೇ ತರಬೇತಿ ಕೊಡಲು ಶುರು ಮಾಡಿತು. ಸಣ್ಣ ಬೆಂಕಿ ಆರಿಸುವುದು, ರಕ್ತ ನಿಲ್ಲಿಸುವುದು, ಯಾವ ಕಟ್ಟಡದ ಒಳಗೆ ಕಾಲಿಡಬಾರದು ಅಂತ ಗುರುತಿಸುವುದು. ಜನ ಹೇಗೂ ಬಂದೇ ಬರುತ್ತಾರೆ. ಅವರನ್ನು ದೂರ ಇಡುವ ಯೋಜನೆ ಬರೆಯುವುದಕ್ಕಿಂತ, ಎಲ್ಲಿ ಹೆಸರು ಬರೆಸಬೇಕು, ಯಾರ ಕೈಕೆಳಗೆ ಕೆಲಸ ಮಾಡಬೇಕು ಅಂತ ಹೇಳುವ ಯೋಜನೆ ಬರೆಯಿರಿ.

ಪರಿಹಾರ ಕೇಂದ್ರ, ಆಹಾರ, ನೀರು, ತುರ್ತು ಖರೀದಿಗೆ ಹಣ ಬಿಡುಗಡೆ ಮಾಡುವ ಅಧಿಕಾರ, ಪಕ್ಕದ ಊರುಗಳ ಜೊತೆ ಪರಸ್ಪರ ನೆರವಿನ ಒಪ್ಪಂದ. ಇವೂ ಬೇಕು. ಇವು ಬಹುತೇಕ ಎಲ್ಲ ಯೋಜನೆಗಳಲ್ಲೂ ಇರುತ್ತವೆ, ಹಾಗಾಗಿ ಇಲ್ಲಿ ಬೆಳೆಸುವುದಿಲ್ಲ.

ಅಭ್ಯಾಸದ ಬಗ್ಗೆ ಮಾತ್ರ ಹೇಳಬೇಕು. ಅಣಕು ಕಾರ್ಯಾಚರಣೆ ಅಂದರೆ ಸೈರನ್ ಹಾಕಿಕೊಂಡು ಮೈದಾನದಲ್ಲಿ ಓಡಾಡುವುದೊಂದೇ ಅಲ್ಲ. ಮೇಜಿನ ಸುತ್ತ ಕೂತು 'ಈಗ ರಾತ್ರಿ ಎರಡು ಗಂಟೆ, ಮುಖ್ಯ ಸೇತುವೆ ಮುಳುಗಿದೆ, ಆಸ್ಪತ್ರೆ ಆಚೆ ದಡದಲ್ಲಿದೆ, ಏನು ಮಾಡುತ್ತೀರಿ?' ಅಂತ ಒಬ್ಬರನ್ನೊಬ್ಬರು ಕೇಳುವುದೂ ಅಭ್ಯಾಸವೇ. ಖರ್ಚು ಕಡಿಮೆ, ಕಲಿಕೆ ಜಾಸ್ತಿ. ಮೊದಲ ಸಲ ತಪ್ಪುಗಳು ರಾಶಿ ರಾಶಿ ಬೀಳುತ್ತವೆ, ಬೀಳಲಿ. ಸಿಕ್ಕ ತಪ್ಪನ್ನು ತಿದ್ದದೆ ಬಿಡುವುದು ಅಪಾಯ. 2004ರ ಜುಲೈನಲ್ಲಿ ಅಮೆರಿಕದ ಲೂಸಿಯಾನದಲ್ಲಿ 'ಪ್ಯಾಮ್' ಎಂಬ ಕಲ್ಪಿತ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರಕ್ಕೆ ಅಪ್ಪಳಿಸಿದಂತೆ ಅಭ್ಯಾಸ ಮಾಡಿದ್ದರು. ನಗರ ಮುಳುಗುತ್ತದೆ, ವಾಹನ ಇಲ್ಲದ ಸಾವಿರಾರು ಜನ ಒಳಗೇ ಸಿಕ್ಕಿಕೊಳ್ಳುತ್ತಾರೆ ಅನ್ನುವುದು ಗೊತ್ತಾಗಿತ್ತು. ಅದರ ಮೇಲೆ ಮಾಡಬೇಕಾದ ಯೋಜನೆ ಪೂರ್ತಿ ಆಗುವ ಮೊದಲೇ, 2005ರ ಆಗಸ್ಟ್‌ನಲ್ಲಿ ನಿಜವಾದ ಚಂಡಮಾರುತವೇ, ಕತ್ರಿನಾ, ಬಂತು. ಹಾಗಾಗಿ ಪ್ರತಿ ಅಭ್ಯಾಸದ ಕೊನೆಯಲ್ಲಿ ಬರೆಯುವ ಪಟ್ಟಿಯಲ್ಲಿ ತಪ್ಪಿನ ಪಕ್ಕ ಒಂದು ಹುದ್ದೆ, ಒಂದು ತಾರೀಕು ಇರಬೇಕು. ಮುಂದಿನ ಸಭೆ ಆ ಪಟ್ಟಿಯಿಂದಲೇ ಶುರುವಾಗಬೇಕು.

ಕೊನೆಯದಾಗಿ, ಹೆಚ್ಚಿನ ಯೋಜನೆಗಳು ಮರೆಯುವ ಒಂದು ಸಾಲು ಇದೆ. ತುರ್ತು ಮುಗಿಯಿತು ಅಂತ ಯಾರು ಹೇಳಬೇಕು? ನೀರು ಇಳಿದ ದಿನವೇ ಕಂಟ್ರೋಲ್ ರೂಮಿಗೆ ಬೀಗ ಹಾಕಿದರೆ, ಕೆಸರು ತುಂಬಿದ ಮನೆಗೆ ವಾಪಸ್ ಹೋದವರು ಮರುದಿನದಿಂದ ಯಾರಿಗೆ ಫೋನ್ ಮಾಡಬೇಕು? ಸ್ಪಂದನ ತಂಡ ಯಾವ ಹಂತದಲ್ಲಿ, ಯಾವ ಇಲಾಖೆಗೆ, ಯಾವ ಯಾವ ಬಾಕಿ ಕೆಲಸಗಳನ್ನು ಬರೆದು ಒಪ್ಪಿಸಬೇಕು ಅನ್ನುವುದು ಯೋಜನೆಯಲ್ಲೇ ಇರಬೇಕು. ಅಲ್ಲಿಯ ತನಕ ಆ ಫೋನು ಎತ್ತಲು ಒಬ್ಬರು ಅಲ್ಲಿ ಕೂತಿರಬೇಕು.