ಕಥೆ ಮೊದಲು, ಸಾಕ್ಷಿ ಆಮೇಲೆ

1994ರ ನವೆಂಬರ್ 30ರಂದು ಕೇರಳ ಪೊಲೀಸರು ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ಬಂಧಿಸಿದರು. ಮಾಲ್ಡೀವ್ಸ್‌ನ ಇಬ್ಬರು ಮಹಿಳೆಯರ ಮೂಲಕ ಕ್ರಯೋಜೆನಿಕ್ ಎಂಜಿನ್‌ನ (ಅತಿ ತಂಪಾಗಿಸಿದ ದ್ರವ ಇಂಧನದಿಂದ ಓಡುವ ರಾಕೆಟ್ ಎಂಜಿನ್) ಗುಟ್ಟು ಮಾರಿದರು ಅನ್ನುವುದು ಆರೋಪ. ಆ ತಂತ್ರಜ್ಞಾನ ಆಗ ನಮ್ಮ ಕೈಯಲ್ಲೇ ಇರಲಿಲ್ಲ. ಇಲ್ಲದ್ದನ್ನು ಮಾರುವುದು ಹೇಗೆ? ಆದರೂ ಜನ ನಂಬಿದರು. ಚೆಲುವೆ, ದುಡ್ಡು, ರಾಕೆಟ್ ನಕ್ಷೆ: ಇಂಥ ಕಥೆಯನ್ನು ಎಲ್ಲರೂ ಮೊದಲೇ ಓದಿದ್ದರು, ಅಲ್ವಾ?

ಇದಕ್ಕೆ ಸರಿಯಾಗಿ ನೂರು ವರ್ಷ ಹಿಂದೆ, ಪ್ಯಾರಿಸ್‌ನ ಜರ್ಮನ್ ರಾಯಭಾರ ಕಚೇರಿಯ ಕಸದಲ್ಲಿ ಒಂದು ಹರಿದ ಕಾಗದ ಸಿಕ್ಕಿತು. ಫ್ರೆಂಚ್ ಸೇನೆಯ ಗುಟ್ಟು ಮಾರುವವನು ಬರೆದದ್ದು. ಅಕ್ಷರ ಹೋಲುತ್ತದೆ ಎಂದು ಯಹೂದಿ ಕ್ಯಾಪ್ಟನ್ ಆಲ್ಫ್ರೆಡ್ ಡ್ರೇಫಸ್‌ನನ್ನು ಹಿಡಿದರು. ಹೋಲದ ಅಕ್ಷರಗಳಿಗೂ ಪೊಲೀಸ್ ಪರಿಣತ ಬೆರ್ಟಿಯೋನ್ ಉತ್ತರ ಕೊಟ್ಟ: ಡ್ರೇಫಸ್ ತನ್ನ ಕೈಬರಹವನ್ನು ತಾನೇ ತಿರುಚಿದ್ದಾನೆ! ಹೋಲಿದರೂ ತಪ್ಪು, ಹೋಲದಿದ್ದರೂ ತಪ್ಪು. ವಕೀಲರಿಗೆ ತೋರಿಸದ ಕಡತವೊಂದು ಗುಟ್ಟಾಗಿ ನ್ಯಾಯಾಧೀಶರ ಕೈಸೇರಿತು. ಡ್ರೇಫಸ್‌ನನ್ನು ದೂರದ ಡೆವಿಲ್ಸ್ ದ್ವೀಪದ ಸೆರೆಗೆ ಸಾಗಿಸಿದರು.

1896ರಲ್ಲಿ ಸೇನೆಯ ಗುಪ್ತಚರ ವಿಭಾಗದ ಕರ್ನಲ್ ಪಿಕಾರ್‌ಗೆ ನಿಜವಾದ ಅಪರಾಧಿ ಎಸ್ಟರ್‌ಹೇಜಿ ಎಂಬ ಇನ್ನೊಬ್ಬ ಸೇನಾಧಿಕಾರಿ ಎಂದು ಗೊತ್ತಾಯಿತು. ಆದರೆ ಸೇನೆ ಅವನನ್ನೇ ಕಾಪಾಡಲು ನಿಂತಿತು. 1897ರಲ್ಲಿ ಒಬ್ಬ ಅಧಿಕಾರಿ ಸುಳ್ಳು ಗಡ್ಡ ಅಂಟಿಸಿಕೊಂಡು, ಇನ್ನೊಬ್ಬ ಬಣ್ಣದ ಕನ್ನಡಕ ಹಾಕಿಕೊಂಡು ಪಾರ್ಕಿನಲ್ಲಿ ಅವನನ್ನು ಭೇಟಿಯಾದರು. ಮುಸುಕಿನ ಹೆಂಗಸೊಬ್ಬಳು ದಾಖಲೆ ತಂದುಕೊಟ್ಟಳು ಎಂದು ಎಸ್ಟರ್‌ಹೇಜಿ ಹೇಳಿಕೊಂಡ. ಧಾರಾವಾಹಿ ಕಾದಂಬರಿಯ ಪುಟಗಳೇ ಎದ್ದು ಬಂದ ಹಾಗೆ. ಡ್ರೇಫಸ್ ವಿರುದ್ಧ ಅದೇ ಗುಪ್ತಚರ ವಿಭಾಗದ ಮೇಜರ್ ಆನ್ರಿ ಒಂದು ಸುಳ್ಳು ಪತ್ರವನ್ನೇ ಸೃಷ್ಟಿಸಿದ್ದ. 1898ರ ಆಗಸ್ಟ್‌ನಲ್ಲಿ ಅದನ್ನು ದೀಪದ ಬೆಳಕಿಗೆ ಹಿಡಿದಾಗ, ಅಂಟಿಸಿದ ಕಾಗದದ ತುಂಡುಗಳ ಮೇಲೆ ಅಚ್ಚಾಗಿದ್ದ ಗೆರೆಗಳು ಬೇರೆ ಬೇರೆ ಬಣ್ಣದವು ಎಂದು ಕಂಡಿತು. ಡ್ರೇಫಸ್ ಪೂರ್ತಿ ನಿರ್ದೋಷಿ ಎಂದು ತೀರ್ಪು ಬಂದದ್ದು 1906ರಲ್ಲಿ.

ಇಂಗ್ಲೆಂಡಿನಲ್ಲಿ ಕಥೆಯೇ ನೇರವಾಗಿ ಸರ್ಕಾರದ ಒಳಗೆ ಹೋಯಿತು. ವಿಲಿಯಂ ಲೆ ಕ್ಯೂ ಎಂಬ ಲೇಖಕ ಜರ್ಮನ್ ಗೂಢಚಾರರ ಬಗ್ಗೆ ಬರೆಯುತ್ತಿದ್ದ. ಓದಿ ಹೆದರಿದವರು, ಯಾರ್ಯಾರ ಮೇಲೋ ಅನುಮಾನ ಪಟ್ಟು ಅವನಿಗೆ ಕಾಗದ ಹಾಕಿದರು. 1909ರಲ್ಲಿ ಅಂಥ ಮಾಹಿತಿ ಸರ್ಕಾರಿ ಸಮಿತಿಯ ಮುಂದೆ ಬಂತು. ಅದೇ ವರ್ಷ ಅಲ್ಲಿ ಗುಪ್ತಚರ ಇಲಾಖೆ ಹುಟ್ಟಿತು.

ಗೂಢಚರ್ಯೆಯ ಆರೋಪದಲ್ಲಿ ಸಾಕ್ಷಿಯನ್ನು ರಹಸ್ಯ ಎಂದು ಮುಚ್ಚಿಡುತ್ತಾರೆ. ಆ ಖಾಲಿ ಜಾಗವನ್ನು ನಾವು ಓದಿದ ಕಥೆ ತುಂಬುತ್ತದೆ. ಇದೇ ನನಗೆ ಜಾಸ್ತಿ ಭಯ ಹುಟ್ಟಿಸುವ ಸಂಗತಿ.

ನಂಬಿ 50 ದಿನ ಜೈಲಿನಲ್ಲಿದ್ದರು. 1996ರಲ್ಲಿ ಸಿಬಿಐ ಆರೋಪ ಸುಳ್ಳು ಎಂದಿತು. 2018ರಲ್ಲಿ ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆ ಆದೇಶ ಅವರೊಬ್ಬರಿಗೆ ಮಾತ್ರ. ಆ ಇಬ್ಬರು ಮಾಲ್ಡೀವ್ಸ್ ಮಹಿಳೆಯರಲ್ಲಿ, ಪತ್ರಿಕೆಗಳು ಮೋಹಿನಿ ಮಾಡಿದ್ದವಳು ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದಳು.