ಐವಿಎಫ್ ಮಗುವಿನ ಮೊದಲ ಐದು ದಿನ

ಅಂಡ, ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಕೂಡಿಸಿ ಭ್ರೂಣ ಮಾಡುವ ಐವಿಎಫ್‌ಗೆ ಬರುವ ದಂಪತಿ ಮೊದಲು ಕೇಳುವುದು "ನಿಲ್ಲುತ್ತಾ ಡಾಕ್ಟ್ರೇ?" ಎಂದು. "ಹುಟ್ಟೋ ಮಗು ಚೆನ್ನಾಗಿರುತ್ತಾ?" ಎಂದು ಅನೇಕರು ಬಾಯಿಬಿಟ್ಟು ಕೇಳುವುದಿಲ್ಲ. ಕೇಳಬೇಕು. 1978ರಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿದ ಮೇಲೆ ಜಗತ್ತಿನಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳು ಹೀಗೆ ಹುಟ್ಟಿದ್ದಾರೆ, ಬಹುಪಾಲು ಆರೋಗ್ಯವಾಗಿದ್ದಾರೆ. ಆದರೂ ದಿನ ತುಂಬುವ ಮುನ್ನ ಹೆರಿಗೆ, ಕಡಿಮೆ ತೂಕ ಇವರಲ್ಲಿ ಜಾಸ್ತಿ. ಹುಟ್ಟಿನಿಂದ ಬರುವ ದೋಷಗಳು ಸಾಮಾನ್ಯವಾಗಿ ನೂರಕ್ಕೆ 3 ಮಕ್ಕಳಲ್ಲಿದ್ದರೆ ಇಲ್ಲಿ ಸುಮಾರು 4ರಲ್ಲಿ.

ಇದರಲ್ಲಿ ದೊಡ್ಡ ಪಾಲು ಅವಳಿಗಳದ್ದು. "ಒಂದೇ ಖರ್ಚಿನಲ್ಲಿ ಎರಡು ಮಕ್ಕಳು" ಎಂದು ಎರಡು ಭ್ರೂಣ ಹಾಕಿಸಿಕೊಳ್ಳುವವರು ತಿಳಿದಿರಬೇಕು: ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಒಂದು ಸಲಕ್ಕೆ ಒಂದೇ ಭ್ರೂಣ ಸಾಕು. ಇನ್ನೊಂದು ಪಾಲು ತಂದೆತಾಯಿಯ ದೇಹಸ್ಥಿತಿಯದು. ಯಾವ ಚಿಕಿತ್ಸೆಯೂ ಇಲ್ಲದೆ, ಆದರೆ ವರ್ಷಕ್ಕಿಂತ ಹೆಚ್ಚು ಕಾದು ಬಸಿರಾದವರಲ್ಲೂ ಈ ತೊಂದರೆಗಳು ತುಸು ಹೆಚ್ಚೇ. ಎಲ್ಲವನ್ನೂ ಲ್ಯಾಬಿನ ತಲೆಗೆ ಕಟ್ಟಲಾಗದು.

ಲ್ಯಾಬಿಗೂ ಅದರ ಪಾಲಿದೆ. ಭ್ರೂಣ ಐದು ದಿನ ಎಣ್ಣೆಯ ಪದರದ ಕೆಳಗೆ, 20ರಿಂದ 50 ಮೈಕ್ರೋಲೀಟರಿನ ಒಂದು ಹನಿ ದ್ರಾವಣದಲ್ಲಿ ಬೆಳೆಯುತ್ತದೆ. ಶಾಖ 37 ಡಿಗ್ರಿ, ಆಮ್ಲಜನಕ 5%, ಪಿಎಚ್ (ಆಮ್ಲ-ಕ್ಷಾರದ ಅಳತೆ) 7.3ರ ಆಸುಪಾಸು. ಈ ಪಿಎಚ್ ನಿಲ್ಲುವುದು ಕಾರ್ಬನ್ ಡೈಆಕ್ಸೈಡಿನ ಒತ್ತಡದಿಂದ, ಬರೀ ಶೇಕಡಾವಾರಿನಿಂದಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲು ಕಡಿಮೆ. ಚೆನ್ನೈಯಲ್ಲಿ 6%ಗೆ ಸರಿಹೋಗುವ ದ್ರಾವಣಕ್ಕೆ ಇಲ್ಲಿ 6.6%ರಷ್ಟು ಬೇಕು. ಭ್ರೂಣ ಇಡುವ ಯಂತ್ರದ ಡಿಸ್‌ಪ್ಲೇಯಲ್ಲಿ 6 ಕಂಡಿತೆಂದು ಸುಮ್ಮನಾದರೆ ಹನಿ ಕ್ಷಾರದ ಕಡೆಗೆ ಸರಿಯುತ್ತದೆ. ಎಣ್ಣೆ ತೆಳುವಾದರೆ ನೀರು ಆವಿಯಾಗಿ ಲವಣ ಹೆಚ್ಚುತ್ತದೆ. ಪಕ್ಕದ ಕಟ್ಟಡದ ಪೇಂಟಿನ ಆವಿಯೂ ಎಣ್ಣೆಯಲ್ಲಿ ಕರಗಿ ಒಳಗಿಳಿಯಬಲ್ಲದು. ಹಾಗಾಗಿಯೇ ಲ್ಯಾಬಿನ ಗಾಳಿಗೆ ಇದ್ದಿಲಿನ ಫಿಲ್ಟರ್.

ಇಷ್ಟು ಎಚ್ಚರ ಏಕೆಂದರೆ, ಡಿಎನ್‌ಎ ಮೇಲಿನ ಮೀಥೈಲ್ ಗುರುತುಗಳು (ಯಾವ ಜೀನ್ ಸುಮ್ಮನಿರಬೇಕೆಂದು ತಿಳಿಸುವ ರಾಸಾಯನಿಕ ಗುರುತುಗಳು) ಬಹುತೇಕ ಅಳಿಸಿಹೋಗುವ ಕಾಲ ಇದೇ. ಅಳಿಯಬಾರದ ಕೆಲವು ಗುರುತುಗಳೂ ಇವೆ. ಒಂದು ಜೀನಿನ ಎರಡು ಪ್ರತಿಗಳಲ್ಲಿ ತಾಯಿಯಿಂದ ಬಂದದ್ದು ಸುಮ್ಮನಿರಲಿ, ತಂದೆಯದು ಕೆಲಸ ಮಾಡಲಿ ಎಂದು ಗೊತ್ತುಮಾಡುವಂಥವು. ಬೆಳವಣಿಗೆ ಹೆಚ್ಚಿಸುವ ಐಜಿಎಫ್2 ಅಂಥ ಜೀನ್. 11ನೇ ಕ್ರೋಮೋಸೋಮಿನ ಆ ಭಾಗದ ಗುರುತು ತಪ್ಪಿದರೆ ಬೆಕ್ವಿತ್-ವೀಡಮನ್ ಸಿಂಡ್ರೋಮ್ ಬರಬಹುದು: ದಪ್ಪ ನಾಲಿಗೆ, ಹೊಕ್ಕುಳ ಹರ್ನಿಯಾ, ಕೆಲವರಲ್ಲಿ ಕಿಡ್ನಿಯ ಗಡ್ಡೆ. ಸಾಮಾನ್ಯವಾಗಿ ಹತ್ತು ಸಾವಿರಕ್ಕೊಂದರಷ್ಟು. ಐವಿಎಫ್‌ನಲ್ಲಿ ಕೆಲವು ಪಟ್ಟು ಹೆಚ್ಚಿದರೂ ಅಪರೂಪವೇ. ದ್ರಾವಣದ ಪ್ರಭಾವ ತೂಕದಲ್ಲೂ ಕಾಣುತ್ತದೆ. ನೆದರ್ಲೆಂಡ್ಸ್‌ನಲ್ಲಿ ದಂಪತಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಬೇರೆ ಬೇರೆ ದ್ರಾವಣ ಬಳಸಿದಾಗ, ಒಂಟಿಯಾಗಿ ಹುಟ್ಟಿದ ಮಕ್ಕಳ ಸರಾಸರಿ ತೂಕದಲ್ಲೇ 158 ಗ್ರಾಂ ಅಂತರ ಬಂತು.

ತಾಜಾ ಭ್ರೂಣದಿಂದ ಹುಟ್ಟಿದವರು ಸಣ್ಣಗೆ, ಫ್ರೀಜ್ ಮಾಡಿದ್ದರಿಂದ ಹುಟ್ಟಿದವರು ತುಸು ದಪ್ಪಗೆ ಇರುವುದು ಹೆಚ್ಚು. ಫ್ರೀಜ್ ಮಾಡಿದ ಭ್ರೂಣಕ್ಕಾಗಿ ಬರೀ ಹಾರ್ಮೋನ್ ಮಾತ್ರೆಗಳಿಂದ ಗರ್ಭಕೋಶ ಸಿದ್ಧಮಾಡಿದರೆ ಆ ತಿಂಗಳು ಅಂಡ ಬಿಡುಗಡೆಯಾಗುವುದಿಲ್ಲ, ಅದರಿಂದ ಅಂಡಾಶಯದಲ್ಲಿ ಉಂಟಾಗುವ, ಬಸಿರಿಗೆ ಬೇಕಾದ ಹಾರ್ಮೋನ್ ಸ್ರವಿಸುವ ಕಾರ್ಪಸ್ ಲೂಟಿಯಮ್ಮೂ ಇಲ್ಲ. ತಾಯಿಗೆ ಬಿಪಿ ಏರುವ ಅಪಾಯ ಹೆಚ್ಚುತ್ತದೆ. ಮುಟ್ಟು ಸರಿಯಾಗಿ ಆಗುವವರು ನ್ಯಾಚುರಲ್ ಸೈಕಲ್ (ಅಂಡ ತಾನಾಗಿ ಬಿಡುಗಡೆಯಾಗುವ ತಿಂಗಳಲ್ಲೇ ಭ್ರೂಣ ಹಾಕುವುದು) ಸಾಧ್ಯವೇ ಎಂದು ಕೇಳಿ.

ವೀರ್ಯಾಣು ತೀರಾ ಕಡಿಮೆಯಿದ್ದು ಇಕ್ಸಿ (ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸುವುದು) ಮಾಡಿಸುವವರು ಮೊದಲು ವೈ ಕ್ರೋಮೋಸೋಮ್ ಪರೀಕ್ಷೆ ಮಾಡಿಸಬೇಕು. ಅಲ್ಲಿನ ಕೊರತೆ ಪ್ರತಿ ಗಂಡುಮಗುವಿಗೂ ದಾಟುತ್ತದೆ.

ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದವರನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯರೋಗ ಹೆಚ್ಚಿತ್ತು. ಅವರು ಐವಿಎಫ್ ಮಕ್ಕಳಲ್ಲ, ಆದರೆ ತೂಕದ ಪಾಠ ಇವರಿಗೂ ಅನ್ವಯಿಸುತ್ತದೆ. ಮೂರು ವರ್ಷವಾದ ಮೇಲೆ ಮಗುವಿನ ಬಿಪಿಯನ್ನು ವರ್ಷಕ್ಕೊಮ್ಮೆ ನೋಡಿಸಿ. ತಾಜಾನೋ ಫ್ರೀಜೋ, ಎಷ್ಟನೇ ದಿನದ ಭ್ರೂಣ, ಯಾವ ದ್ರಾವಣ ಎಂಬುದನ್ನು ಕ್ಲಿನಿಕ್ಕಿನಿಂದ ಬರೆಸಿಕೊಂಡು ತಾಯಿ ಕಾರ್ಡಿನ ಜೊತೆ ಇಡಿ. ಮಕ್ಕಳ ಡಾಕ್ಟರಿಗೆ ಬೇಕಾಗುತ್ತದೆ.