ಬಿದ್ದವರು ಯಾರು? ಹಂಟರ್‌ವಾಲಿಯಿಂದ ಡ್ಯೂಪ್‌ವರೆಗೆ ಸಾಹಸ ಕಲಾವಿದೆಯರ ಹಾದಿ

ನಾಯಕಿ ಮಹಡಿಯಿಂದ ಜಿಗಿಯುವ ದೃಶ್ಯ ಬಂದರೆ ಸಾಕು, ವಾದ ಶುರು. ಜಿಗಿದದ್ದು ಅವರೇನಾ, ಅವರ ಬದಲಿಗೆ ನಿಂತ ಡ್ಯೂಪಾ, ಇಲ್ಲ ವಿಗ್ ಹಾಕಿಕೊಂಡ ಗಂಡಸಾ? ಇದಕ್ಕೆ ವಿಮೆ, ಟೈಟಲ್ ಕಾರ್ಡ್, ಪ್ರಶಸ್ತಿಯ ಮಾತುಗಳೂ ತಳುಕು ಹಾಕಿಕೊಂಡು ವಿಷಯ ಗೋಜಲಾಗಿದೆ. ಎಳೆ ಬಿಡಿಸಲು 1935ರ ಮುಂಬೈಗೆ ಹೋಗಬೇಕು.

ಫಿಯರ್‌ಲೆಸ್ ನಾಡಿಯಾ ಎಂದು ಹೆಸರಾದ ಮೇರಿ ಆ್ಯನ್ ಇವಾನ್ಸ್ ಹುಟ್ಟಿದ್ದು 1908ರ ಜನವರಿ 8ರಂದು, ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ತಂದೆ ಬ್ರಿಟಿಷ್ ಸೇನೆಯಲ್ಲಿದ್ದವರು. ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು. ಅಷ್ಟರಲ್ಲಿ ಕುಟುಂಬ ಮುಂಬೈಗೆ ಬಂದಾಗಿತ್ತು. ಮುಂದೆ ಪೇಶಾವರದಲ್ಲಿದ್ದಾಗ ಹುಡುಗಿ ಕುದುರೆ ಸವಾರಿ, ಬಂದೂಕು ಎರಡನ್ನೂ ಕಲಿತಳು. ಮುಂಬೈಗೆ ಮರಳಿ ಅಂಗಡಿಯಲ್ಲಿ ದುಡಿದರು, ಬ್ಯಾಲೆ ಕಲಿತರು, ಝಾರ್ಕೋ ಸರ್ಕಸ್‌ನಲ್ಲೂ ಕೆಲಸ ಮಾಡಿದರು. ವಾಡಿಯಾ ಮೂವಿಟೋನ್ ಎಂಬ ಚಿತ್ರಸಂಸ್ಥೆಯ ಜೆ.ಬಿ.ಎಚ್. ವಾಡಿಯಾ ಅವರು ನಂದಾದೇವಿ ಎಂಬ ಹೆಸರನ್ನೂ ಕಪ್ಪು ಜಡೆಯ ವಿಗ್ಗನ್ನೂ ಸೂಚಿಸಿದಾಗ ಎರಡನ್ನೂ ಒಪ್ಪಲಿಲ್ಲ. ಹೊಂಬಣ್ಣದ ಕೂದಲಲ್ಲೇ ತೆರೆಗೆ ಬಂದರು.

1935ರ 'ಹಂಟರ್‌ವಾಲಿ'ಯನ್ನು ನಿರ್ದೇಶಿಸಿದವರು ಜೆ.ಬಿ.ಎಚ್. ಅವರ ತಮ್ಮ ಹೋಮಿ ವಾಡಿಯಾ. ಮುಖವಾಡ ತೊಟ್ಟು ಚಾವಟಿ ಬೀಸುವ ರಾಜಕುಮಾರಿಯ ಕಥೆ, ಆ ರಾಜಕುಮಾರಿ ನಾಡಿಯಾ. ಚಿತ್ರ ಎಷ್ಟು ಓಡಿತೆಂದರೆ ನಾಡಿಯಾ ಹೆಸರಲ್ಲಿ ಚಾವಟಿ, ಬೆಲ್ಟುಗಳು ಮಾರಾಟಕ್ಕೆ ಬಂದವು. ಮರುವರ್ಷದ 'ಮಿಸ್ ಫ್ರಂಟಿಯರ್ ಮೇಲ್'ನಲ್ಲಿ ಓಡುವ ರೈಲಿನ ಮೇಲೆ ಹೊಡೆದಾಟ. 1942ರ 'ಜಂಗಲ್ ಪ್ರಿನ್ಸೆಸ್'ನಲ್ಲಿ ಸಿಂಹಗಳ ನಡುವೆ ಅಭಿನಯ.

ಗಂಡಸನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳುವುದು ಅವರ ಗುರುತಿನ ವರಸೆ. ಇಲ್ಲಿ ತೋಳಬಲಕ್ಕಿಂತ ಲೆಕ್ಕ ಮುಖ್ಯ. ಮೊಣಕಾಲು ಮಡಚಿ ಎದುರಿನವನ ಸೊಂಟದ ಕೆಳಗೆ ಹೆಗಲು ಕೊಡಬೇಕು, ಬೆನ್ನು ಬಾಗಿಸದೆ ಕಾಲಿನ ಬಲದಿಂದ ಏಳಬೇಕು, ಭಾರ ತನ್ನ ಸೊಂಟದ ನೇರಕ್ಕೇ ಇರಬೇಕು. ಎತ್ತಿಸಿಕೊಳ್ಳುವವನೂ ಅದೇ ಗಳಿಗೆಗೆ ಸಣ್ಣಗೆ ನೆಗೆಯಬೇಕು. ಅವನು ತಡಮಾಡಿದರೆ ಪೂರಾ ಭಾರ ಎತ್ತುವವಳ ನಡುವಿಗೆ ಬೀಳುತ್ತದೆ. ಹಾಗಾಗಿ ಪಳಗಿದ ಜೊತೆಗಾರರು ಬೇಕು. ಜಾನ್ ಕಾವಸ್, ಬೊಮನ್ ಶ್ರಾಫ್ ಅಂಥವರು ಚಿತ್ರದಿಂದ ಚಿತ್ರಕ್ಕೆ ನಾಡಿಯಾ ಜೊತೆಗೇ ಇದ್ದರು. ಒಂದೇ ತಂಡ ವರ್ಷಗಟ್ಟಲೆ ಕೂಡಿ ದುಡಿಯುವುದೇ ಆ ಕಾಲದ ಸುರಕ್ಷತೆ. ಬೇರೆ ಏನೂ ಇರಲಿಲ್ಲ ಎಂದರೂ ನಡೆದೀತು.

1942ರ ಹೊತ್ತಿಗೆ ಅಣ್ಣತಮ್ಮಂದಿರು ಬೇರೆಯಾದರು, ಹೋಮಿ ಬಸಂತ್ ಪಿಕ್ಚರ್ಸ್ ಕಟ್ಟಿದರು. 1961ರಲ್ಲಿ ನಾಡಿಯಾ ಹೋಮಿ ಅವರನ್ನು ಮದುವೆಯಾದರು. 1968ರ 'ಖಿಲಾಡಿ' ಕೊನೆಯ ಚಿತ್ರ. 1996ರ ಜನವರಿ 9ರಂದು ತೀರಿಕೊಂಡರು. ಈ ನಡುವೆ ಸ್ಟಂಟ್ ಚಿತ್ರಗಳು ಎರಡನೇ ದರ್ಜೆಯವು ಎನಿಸಿಕೊಂಡಿದ್ದವು. ನಾಯಕಿಯ ಕಂಠ ಹಿನ್ನೆಲೆ ಗಾಯಕಿಗೆ ಹೋಯಿತು, ಬೀಳುವ ಮೈ ಡ್ಯೂಪ್‌ಗೆ ಹೋಯಿತು. ಗಾಯಕಿಯ ಹೆಸರು ರೆಕಾರ್ಡಿನ ಮೇಲೆ ಬಂತು. ಡ್ಯೂಪ್ ಹೆಸರು ಎಲ್ಲೂ ಬರಲಿಲ್ಲ.

ನಮ್ಮ ರಾಮನಗರ ಈ ಕಥೆಗೆ ಬರುವುದು ಇಲ್ಲೇ. ಅಲ್ಲಿ ಚಿತ್ರೀಕರಣವಾಗಿ 1975ರಲ್ಲಿ ತೆರೆಕಂಡ 'ಶೋಲೆ'ಯಲ್ಲಿ ಹೇಮಾ ಮಾಲಿನಿ ಅವರಿಗೆ ಡ್ಯೂಪ್ ಆಗಿ ಟಾಂಗಾ ಓಡಿಸಿದವರು ರೇಷ್ಮಾ ಪಠಾಣ್. ಟಾಂಗಾ ಮಗುಚಿ ಅವರಿಗೆ ಪೆಟ್ಟಾಯಿತು. ಎರಡೇ ಗಾಲಿಯ ಗಾಡಿ, ಆಸನ ಎತ್ತರ. ವೇಗದಲ್ಲಿ ತಿರುಗಿಸಿದಾಗ ಒಳಬದಿಯ ಗಾಲಿ ಹಗುರಾಗುತ್ತದೆ. ಆಗ ಅದರಡಿ ಒಂದು ಕಲ್ಲು ಸಿಕ್ಕರೆ ಮುಗಿಯಿತು. ಬೇರೆ ದಿಕ್ಕಿಗೆ ಹಾರಿ ಪಾರಾಗೋಣವೆಂದರೆ ಲಂಗದ ಅಂಚು ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ.

ಹೆಂಗಸರ ಸ್ಟಂಟ್‌ನಲ್ಲಿ ಅರ್ಧ ತೊಂದರೆ ಉಡುಪಿನದೇ. ನಾಯಕನ ಡ್ಯೂಪ್ ಜೀನ್ಸ್, ಜಾಕೆಟ್ ಒಳಗೆ ಮೊಣಕಾಲು, ಮೊಣಕೈ, ಸೊಂಟ, ಬೆನ್ನುಮೂಳೆಯ ಬುಡ ನಾಲ್ಕಕ್ಕೂ ಪ್ಯಾಡ್ ಕಟ್ಟಿಕೊಳ್ಳುತ್ತಾನೆ. ತೋಳಿಲ್ಲದ ಕುಪ್ಪಸ, ತೆಳು ಸೀರೆಯಲ್ಲಿ ಪ್ಯಾಡ್ ಎಲ್ಲಿ ಅಡಗಿಸುವುದು? ಎತ್ತರದಿಂದ ಬೀಳುವ ಶಾಟ್‌ಗೆ ಖಾಲಿ ರಟ್ಟಿನ ಡಬ್ಬಗಳನ್ನು ಎರಡು-ಮೂರು ಸಾಲು ಪೇರಿಸಿ, ಸುತ್ತ ಹಗ್ಗ ಬಿಗಿದು, ಮೇಲೆ ಹಾಸಿಗೆ ಹಾಸುವುದು ಹಳೆಯ ಪದ್ಧತಿ. ಹಗ್ಗ ಸಡಿಲವಿದ್ದರೆ ಡಬ್ಬಗಳು ಪಕ್ಕಕ್ಕೆ ಸರಿದು ಮೈ ನೇರ ನೆಲಕ್ಕೆ ಬಡಿಯುತ್ತದೆ. ಗದ್ದವನ್ನು ಎದೆಗೆ ಒತ್ತಿ ಬೆನ್ನ ಮೇಲೆ ಬೀಳಬೇಕು. ಕಾಲು ಮೊದಲು ಊರಿದರೆ ಹಿಮ್ಮಡಿ ಹೋಗುತ್ತದೆ, ಇಲ್ಲವೇ ಸ್ವಂತ ಮಂಡಿಯೇ ಮುಖಕ್ಕೆ ಹೊಡೆಯುತ್ತದೆ. ಗಾಳಿಯಲ್ಲಿ ಸೆರಗು ಮುಖ ಮುಚ್ಚಿದರೆ ಹಾಸಿಗೆ ಎಲ್ಲಿದೆ ಎಂಬುದೂ ಕಾಣದು.

ಮೈಗೆ ಹಗ್ಗ ಕಟ್ಟಿ ಮೇಲಕ್ಕೆ ಎಳೆಯುವ ರೋಪ್ ಶಾಟ್‌ನ ಕಷ್ಟ ಬೇರೆ. ವಿಗ್ ಹಾಕಿದ ಗಂಡಸನ್ನೇ ಬಳಸುವ ರೂಢಿ ಇರುವ ಕಡೆ ರಿಹರ್ಸಲ್ಲೂ ಅವನ ತೂಕಕ್ಕೇ ಹೊಂದಿಕೊಂಡಿರುತ್ತದೆ. ಎಪ್ಪತ್ತು ಕಿಲೋ ಮೈಗೆ ಹೊಂದಿಸಿದ ಎಳೆತ ಐವತ್ತು ಕಿಲೋ ಮೈಗೆ ಬಿದ್ದರೆ ಅವಳು ಅಂದುಕೊಂಡದ್ದಕ್ಕಿಂತ ಮೇಲೆ, ಬೇಗ ಹೋಗಿ ಗೋಡೆಗೆ ಅಪ್ಪಳಿಸುತ್ತಾಳೆ. ಅವಳಷ್ಟೇ ತೂಕದ ಮರಳಿನ ಚೀಲ ಕಟ್ಟಿ ಒಮ್ಮೆ ಎಳೆದು ನೋಡಿದರೆ ಇದು ತಪ್ಪುತ್ತದೆ. ಹತ್ತು ನಿಮಿಷದ ಕೆಲಸ. ಬೆಳಕು ಹೋಗುತ್ತಿದೆ ಎಂಬ ಅವಸರದಲ್ಲಿ ಮೊದಲು ಕೈಬಿಡುವುದೂ ಇದನ್ನೇ.

2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರೀಕರಣದ ವೇಳೆ ಹೆಲಿಕಾಪ್ಟರ್‌ನಿಂದ ಜಿಗಿದ ಇಬ್ಬರು ಕಲಾವಿದರು ಮುಳುಗಿ ಸತ್ತ ಮೇಲೆ ಕನ್ನಡದಲ್ಲೂ ಸುರಕ್ಷತೆಯ ಮಾತು ಜೋರಾಯಿತು. ಮರುವರ್ಷ ನಟ ಅಕ್ಷಯ್ ಕುಮಾರ್ ಮುಂದಾಳತ್ವದಲ್ಲಿ ಮುಂಬೈನ ಸಾಹಸ ಕಲಾವಿದರಿಗೆ ವಿಮೆ ಬಂತು. ವಿಮೆ ಬಂದದ್ದು ಒಳ್ಳೆಯದೇ, ಆದರೆ ಅದು ಬಿದ್ದ ಮೇಲಿನ ಮಾತು.

ಪ್ರಶಸ್ತಿಗಳೂ ತಡವಾಗಿ ಬಂದವು. ಸಾಹಸ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಕೊಡಲು ಶುರುಮಾಡಿದ್ದು 2017ರಲ್ಲಿ. ಆಮೇಲೆ 'ಕೆಜಿಎಫ್'ನ ಎರಡೂ ಭಾಗಗಳಿಗೆ, 'ಅವನೇ ಶ್ರೀಮನ್ನಾರಾಯಣ'ಕ್ಕೆ ಬಂದು ಕನ್ನಡಕ್ಕೆ ದೊಡ್ಡ ಪಾಲೇ ಸಿಕ್ಕಿತು. ಆಸ್ಕರ್‌ನಲ್ಲಿ ಸ್ಟಂಟ್ ವಿನ್ಯಾಸಕ್ಕೆ ಪ್ರಶಸ್ತಿ ಶುರುವಾಗುವುದು 2028ರಲ್ಲಿ. ನಮ್ಮ ರಾಷ್ಟ್ರಪ್ರಶಸ್ತಿ ಸಲ್ಲುವುದು ಶಾಟ್ ರೂಪಿಸಿದ ಮಾಸ್ಟರ್‌ಗೆ. ನಾಯಕಿಯ ಸೀರೆಯನ್ನೇ ಉಟ್ಟು, ಮುಖ ಕಾಣದ ಕೋನದಲ್ಲಿ ಬಿದ್ದವಳಿಗೆ ಅದರಲ್ಲಿ ಇನ್ನೂ ವಿಭಾಗವಿಲ್ಲ.